ಇಲ್ಲದ ಧಾರಾವಾಹಿಯನ್ನು ಊರೆಲ್ಲ ನೋಡಿದ್ದು

ಸುಳ್ಳು ಹೇಳುವವರಲ್ಲಿ ಎರಡು ತರ. ಹೊಟ್ಟೆಪಾಡಿಗೆ ಹೇಳುವವರು ಒಂದು, ಮರ್ಯಾದೆಗೆ ಹೇಳುವವರು ಇನ್ನೊಂದು. ಹೊಟ್ಟೆಪಾಡಿನವರು ದಿನಕ್ಕೆ ಹತ್ತು ಹೇಳಿ, ಮನೆಗೆ ಹೋಗಿ ಹಾಯಾಗಿ ನಿದ್ದೆ ಮಾಡುತ್ತಾರೆ. ಮರ್ಯಾದೆಯವರು ಜನ್ಮಕ್ಕೊಂದು ಹೇಳಿ ಸಿಕ್ಕಿಬೀಳುತ್ತಾರೆ. ನಮ್ಮ ಲೇಖಕರು ಈ ಎರಡನೆಯವರ ಪೈಕಿ.

ಲೇಖಕರು ಅಂದ ಕೂಡಲೆ ವೇದಿಕೆ, ಮೈಕು, ಚಪ್ಪಾಳೆ ಅಂತೆಲ್ಲ ಊಹಿಸಿಕೊಳ್ಳಬೇಕಾಗಿಲ್ಲ. ಅವರದು ಆವರೆಗೆ ಒಂದು ಪುಸ್ತಕವೂ ಹೊರಬಂದಿರಲಿಲ್ಲ. ವಾರಪತ್ರಿಕೆಯೊಂದರಲ್ಲಿ ಹದಿನಾಲ್ಕು ವೈಜ್ಞಾನಿಕ ಕಥೆಗಳು ಬಂದಿದ್ದವು, ಅಷ್ಟೆ. ಅವುಗಳಲ್ಲಿ ಮನುಷ್ಯರು ಗ್ರಹದಿಂದ ಗ್ರಹಕ್ಕೆ ಓಡಾಡುತ್ತಿದ್ದರು. ಲೇಖಕರು ಮಾತ್ರ ಮನೆಯಿಂದ ಲಿಫ್ಟ್ ಕಂಪನಿಗೆ, ಲಿಫ್ಟ್ ಕಂಪನಿಯಿಂದ ಮನೆಗೆ ಓಡಾಡುತ್ತಿದ್ದರು.

ಕಂಪನಿಯಲ್ಲಿ ಅವರದು ದೂರು ವಿಭಾಗ. ಊರಿನ ಯಾವ ಕಟ್ಟಡದಲ್ಲಿ ಯಾರು ಲಿಫ್ಟಿನೊಳಗೆ ಸಿಕ್ಕಿಕೊಂಡರೂ ಗಂಟೆ ಹೊಡೆದುಕೊಳ್ಳುವುದು ಇವರ ಮೇಜಿನ ಮೇಲೆ. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವವರೆಗೆ ಒಳಗಿನವರು ಗಾಬರಿ ಬೀಳದ ಹಾಗೆ ಫೋನಿನಲ್ಲಿ ಮಾತಾಡಿಸುತ್ತಿರಬೇಕು. ಬೇರೆ ಗುಮಾಸ್ತರು "ಧೈರ್ಯವಾಗಿರಿ, ಬರ್ತಾ ಇದ್ದಾರೆ" ಅಂತ ಒಂದೇ ಮಾತನ್ನು ಇಪ್ಪತ್ತು ಸಲ ಹೇಳುತ್ತಿದ್ದರು. ನಮ್ಮ ಲೇಖಕರು ಕಥೆ ಹೇಳುತ್ತಿದ್ದರು. ಬಾಗಿಲು ತೆಗೆದ ಮೇಲೂ "ತಾಳಪ್ಪ, ಇನ್ನೊಂಚೂರು ಇದೆ" ಅಂತ ಮೆಕ್ಯಾನಿಕ್‌ನನ್ನು ಹೊರಗೆ ನಿಲ್ಲಿಸಿ ಕಥೆ ಮುಗಿಸಿಕೊಂಡು ಬಂದವರೂ ಇದ್ದರು.

ಇಂಥವರಿಗೆ ಒಂದು ಸೋಮವಾರ ವಾರಪತ್ರಿಕೆಯ ಸಂಪಾದಕರಿಂದ ಫೋನು ಬಂತು.

"ಟಿವಿ ವಿಶೇಷ ಸಂಚಿಕೆ ಮಾಡ್ತಿದ್ದೀವಿ ಸಾರ್. ವೈಜ್ಞಾನಿಕ ಕಥೆಗಾರರ ಮೆಚ್ಚಿನ ಟಿವಿ ಕಾರ್ಯಕ್ರಮಗಳು ಅಂತ ನಿಮ್ಮದೊಂದು ಲೇಖನ ಬೇಕು. ಗುರುವಾರದೊಳಗೆ."

"ನಾನು ಟಿವಿ ಅಷ್ಟಾಗಿ ನೋಡೋದಿಲ್ಲ," ಅಂದರು ಲೇಖಕರು. ಸುಳ್ಳಿನ ಕಟ್ಟಡಕ್ಕೆ ಅದು ಮೊದಲ ಇಟ್ಟಿಗೆ.

ನಿಜ ಹೇಳಬೇಕೆಂದರೆ ಅವರು ದಿನಾ ನೋಡುತ್ತಿದ್ದರು, ಮೂರು ಕಾರ್ಯಕ್ರಮಗಳೆಂದರೆ ಪ್ರಾಣ ಬಿಡುತ್ತಿದ್ದರು. ಒಂದರಲ್ಲಿ ಒಬ್ಬ ಹೆಂಗಸು ಕಂಡವರ ಮನೆಗೆ ಹೋಗಿ ಅವರ ಬೀರುಗಳನ್ನು ಒಪ್ಪ ಮಾಡಿ ಕೊಡುತ್ತಿದ್ದಳು. ಕಾಲುಚೀಲಗಳನ್ನು ಜೋಡಿ ಮಾಡುವಾಗ ಲೇಖಕರಿಗೆ ಮೈ ಜುಮ್ಮೆನ್ನುತ್ತಿತ್ತು. ಎರಡನೆಯದು ಧಾರಾವಾಹಿ. ಅದರಲ್ಲಿ ಮನೆಯ ಯಜಮಾನಿಗೆ ಪ್ರಜ್ಞೆ ತಪ್ಪಿ ನಾಲ್ಕು ವರ್ಷವಾಗಿತ್ತು. ಮನೆಯವರೆಲ್ಲ ಸರದಿಯ ಮೇಲೆ ಬಂದು ಅವಳ ಹಾಸಿಗೆ ಪಕ್ಕ ಕೂತು ತಮ್ಮ ತಮ್ಮ ಗುಟ್ಟು ಹೇಳಿಕೊಂಡು ಅಳುತ್ತಿದ್ದರು, ಅವರ ಜೊತೆ ಲೇಖಕರೂ ಅಳುತ್ತಿದ್ದರು. ಮೂರನೆಯದು ಹವಾಮಾನ ವರದಿ. ಅದನ್ನು ಓದುವಾತ ಹೇಳಿದ್ದು ಒಂದು ದಿನವೂ ನಿಜವಾಗುತ್ತಿರಲಿಲ್ಲ, ಆದರೂ ಮರುದಿನ ಅದೇ ನಗುಮುಖದಲ್ಲಿ ಬರುತ್ತಿದ್ದ. ವೈಜ್ಞಾನಿಕ ಕಥೆ ಬರೆಯುವವನಿಗೆ ಬೇಕಾದ ಧೈರ್ಯ ಅದೇ ಅಂತ ಲೇಖಕರಿಗೆ ಅನಿಸುತ್ತಿತ್ತು.

ಆದರೆ ಇದನ್ನೆಲ್ಲ ಬರೆಯುವುದು ಹೇಗೆ? ಆಕಾಶಗಂಗೆಯ ಬಗ್ಗೆ ಬರೆಯುವ ಮನುಷ್ಯ ಕಾಲುಚೀಲ ನೋಡಿ ಖುಷಿಪಡುತ್ತಾನೆ ಅಂತ ಓದುಗರಿಗೆ ಗೊತ್ತಾದರೆ ಇದ್ದ ಹದಿನಾಲ್ಕು ಕಥೆಯ ಮಾನವೂ ಹೋದಂತೆ. ಬುಧವಾರ ಸಂಜೆಯವರೆಗೆ ಪೆನ್ನು ಕಚ್ಚಿಕೊಂಡು ಕೂತರು. ಆಮೇಲೆ ಕಾಗದದ ಮೇಲೆ ಇಲ್ಲದ ಒಂದು ಧಾರಾವಾಹಿಯನ್ನು ಹುಟ್ಟಿಸಿಬಿಟ್ಟರು.

"ನಾನು ಒಂಬತ್ತು ವರ್ಷದವನಿದ್ದಾಗ ಭಾನುವಾರ ಸಂಜೆ ನಾಲ್ಕಕ್ಕೆ 'ತಡವಾದ ಅಂಚೆ' ಎಂಬ ಧಾರಾವಾಹಿ ಬರುತ್ತಿತ್ತು," ಅಂತ ಲೇಖನ ಶುರುವಾಯಿತು. ಗ್ರಹಗಳ ನಡುವೆ ಕಾಗದ ಹಂಚುವ ಒಬ್ಬ ಅಂಚೆಯವ. ದಾರಿ ಎಷ್ಟು ದೂರವೆಂದರೆ ಪ್ರತಿ ಕಾಗದವೂ ಐವತ್ತು ವರ್ಷ ತಡ. ಮದುವೆ ಕರೆಯೋಲೆ ತಲುಪುವ ಹೊತ್ತಿಗೆ ಮದುಮಗನಿಗೆ ಮೊಮ್ಮಕ್ಕಳು. ಹೀಗೆ ಮೂರು ಪುಟ. ತನ್ನೊಳಗಿನ ಬರಹಗಾರನನ್ನು ಎಬ್ಬಿಸಿದ್ದೇ ಆ ಧಾರಾವಾಹಿ ಎಂದು ಕೊನೆಯಲ್ಲಿ ಒಂದು ನಿಟ್ಟುಸಿರು.

ಕಥೆ ಎಲ್ಲಿಂದ ತಂದರು ಅಂತ ಕೇಳಬೇಡಿ. ಏಳು ವರ್ಷ ಕೂತು ಬರೆದು ಪ್ರಕಾಶಕರ ಕೈಗೆ ಕೊಟ್ಟಿದ್ದ ಅವರದೇ ಕಾದಂಬರಿಯ ಕಥೆ ಅದು. ಹನ್ನೊಂದು ತಿಂಗಳಿಂದ ಅದು ಪ್ರಕಾಶಕರ ಮೇಜಿನ ಮೇಲೆ ಕೂತಿತ್ತು. ನನ್ನ ಮನೆಯ ಸಕ್ಕರೆ ನಾನೇ ಕದ್ದು ತಿಂದರೆ ಯಾರಿಗೇನು ನಷ್ಟ ಅನ್ನುವುದು ಲೇಖಕರ ವಾದ.

ಸಂಚಿಕೆ ಬಂದ ದಿನ ಮೊದಲು ಮೆಟ್ಟಿಲಲ್ಲಿ ಸಿಕ್ಕಿದವರು ಮೇಲಿನ ಮನೆಯ ನರ್ಸಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಇವತ್ತಿಗೂ ಯಾರನ್ನು ಕಂಡರೂ ಮೊದಲು ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಂಡೇ ಮಾತಾಡುತ್ತಿದ್ದರು.

"ಎಂಥ ನೆನಪು ತೆಗೆದುಬಿಟ್ರಿ ನೀವು," ಅಂದರು ಕೈ ಹಿಡಿದು. "ಆ ಅಂಚೆಯವನ ನೀಲಿ ಕೋಟು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ."

ಲೇಖಕರು ಮೆಲ್ಲಗೆ ಕೇಳಿದರು, "ಆಗ ಟಿವಿ ಕಪ್ಪು ಬಿಳುಪು ಅಲ್ವಾ ನರ್ಸಮ್ಮ?"

"ನಿಮ್ಮನೇಲಿ ಇರಬಹುದು. ನಮ್ಮನೇದು ಒಳ್ಳೇ ಕಂಪನೀದು."

ಕ್ಷೌರದ ಅಂಗಡಿಗೆ ಹೋದರೆ ಕ್ಷೌರಿಕ ಕತ್ತರಿಯಲ್ಲಿ ತಾಳ ಹಾಕುತ್ತ ಆ ಧಾರಾವಾಹಿಯ ಶೀರ್ಷಿಕೆಗೀತೆಯನ್ನೇ ಹಾಡಿದ. ಬೆಂಚಿನ ಮೇಲೆ ಸರದಿಗೆ ಕಾದಿದ್ದ ಇಬ್ಬರು ದನಿಗೂಡಿಸಿದರು. ಮೂವರದೂ ಮೂರು ರಾಗ. ಯಾವುದು ಸರಿ ಅಂತ ಜಗಳ ಹತ್ತಿ ಕೊನೆಗೆ ಲೇಖಕರನ್ನೇ ಕೇಳಿದರು. ಕುತ್ತಿಗೆಯ ಮೇಲೆ ಕತ್ತಿ ಇದ್ದದ್ದರಿಂದ ಅವರು ಕ್ಷೌರಿಕನದೇ ಸರಿ ಅಂದರು.

ಆಫೀಸಿನಲ್ಲಿ ಮ್ಯಾನೇಜರು ಕರೆದು, "ನಾಲ್ಕು ಗಂಟೆ ಅಂತ ಬರೆದಿದ್ದೀರಿ, ನಾಲ್ಕೂವರೆ ಅದು," ಅಂತ ತಿದ್ದಿದರು. ಅದೇ ಮಧ್ಯಾಹ್ನ ಒಂದು ಬಟ್ಟೆ ಅಂಗಡಿಯ ಲಿಫ್ಟಿನಲ್ಲಿ ದರ್ಜಿಯೊಬ್ಬ ಐದನೇ ಮಹಡಿಗೂ ಆರನೇ ಮಹಡಿಗೂ ನಡುವೆ ಸಿಕ್ಕಿಕೊಂಡ. ಲೇಖಕರು ಅಭ್ಯಾಸಬಲದಿಂದ ಅಂಚೆಯವನ ಕಥೆ ಶುರು ಮಾಡಿದರು. ಎರಡು ನಿಮಿಷ ಕೇಳಿಸಿಕೊಂಡು ದರ್ಜಿ ಅಂದ, "ಸ್ವಾಮಿ, ಇದು ಟಿವೀಲಿ ಬಂದಿದ್ದು. ಸಿಕ್ಕಿಹಾಕಿಕೊಂಡವನಿಗೆ ಹಳೇದನ್ನೇ ಹೇಳ್ತೀರಲ್ಲ, ಹೊಸದು ಯಾವುದಾದರೂ ಹೇಳಿ."

ಇಷ್ಟಕ್ಕೇ ಮುಗಿದಿದ್ದರೆ ಲೇಖಕರು ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದರು. ಊರಿಗೆಲ್ಲ ಒಟ್ಟಿಗೆ ಸುಳ್ಳು ನೆನಪು ತರಿಸುವುದೇನು ಸಣ್ಣ ಕೆಲಸವೆ? ಆದರೆ ಶುಕ್ರವಾರ ಪ್ರಕಾಶಕರ ಫೋನು ಬಂತು.

"ನಿಮ್ಮ ಕಾದಂಬರಿ ಅಕ್ಷರ ಜೋಡಣೆ ಆಗಿ ಅಚ್ಚಿಗೆ ಹೋಗೋದರಲ್ಲಿತ್ತು," ಅಂದರು ಪ್ರಕಾಶಕರು.

ಲೇಖಕರು ಸಂತೋಷಕ್ಕೆ ಕುರ್ಚಿಯಿಂದ ಎದ್ದೇಬಿಟ್ಟರು. 'ಇತ್ತು' ಅನ್ನುವ ಪದ ಕಿವಿಗೆ ಬಿದ್ದದ್ದು ಒಂದು ಕ್ಷಣ ತಡವಾಗಿ.

"ಇತ್ತು ಅಂದ್ರೆ?"

"ಅಂದ್ರೆ ನಿಮ್ಮ ಲೇಖನ ಓದಿದೆ. ಟಿವೀಲಿ ಬಂದ ಕಥೇನ ಹಾಗ್ಹಾಗೇ ಇಳಿಸಿದ್ದೀರಲ್ರೀ. ಕದಿಯೋರನ್ನ ನೋಡಿದ್ದೀನಿ, ಕದ್ದ ಜಾಗ ಯಾವುದು ಅಂತ ಪತ್ರಿಕೇಲಿ ಬರೆಯೋರನ್ನ ನೋಡಿರಲಿಲ್ಲ."

"ಸಾರ್, ಆ ಧಾರಾವಾಹಿ ಇಲ್ಲವೇ ಇಲ್ಲ. ನಾನೇ ಕಟ್ಟಿದ್ದು."

"ನನ್ನ ಹೆಂಡತಿ ನೋಡಿದ್ದಾಳೆ."

"ಇಲ್ಲದ್ದನ್ನ ಹೇಗೆ ಸಾರ್ ನೋಡೋಕಾಗುತ್ತೆ?"

"ಅವಳನ್ನ ಸುಳ್ಳಿ ಅಂತೀರಾ? ಮೂವತ್ತು ವರ್ಷದ ಸಂಸಾರದಲ್ಲಿ ನಾನೇ ಆ ಧೈರ್ಯ ಮಾಡಿಲ್ಲ. ಬೇರೆಯವರ ಮನೇಲಿ ನೆಲದ ಮೇಲೆ ಕೂತು ನೋಡಿದ್ದಂತೆ. ಅಂಚೆಯವ ಮಾತುಮಾತಿಗೆ ಸೀನ್ತಾ ಇದ್ನಂತೆ. ಕೊನೇ ಕಂತಲ್ಲಿ ಮೇಲಿಂದ ಒಂದು ಕೈ ಬಂದು ಅವನ ಕಿವಿ ಹಿಡಿದು ಎಳಕೊಂಡು ಹೋಯ್ತಂತೆ."

"ನನ್ನ ಕಾದಂಬರೀಲಿ ಸೀನೋದೂ ಇಲ್ಲ, ಕೈಯೂ ಇಲ್ಲ. ಅಂಚೆಯವ ಕೊನೆಗೆ ಒಬ್ಬನೇ ಕತ್ತಲೆಗೆ ಹೋಗ್ತಾನೆ."

"ಅದನ್ನೇ ಹೇಳಿದ್ದು. ಕದ್ದ ಬಟ್ಟೆಗೆ ಬೇರೆ ಬಣ್ಣ ಹಾಕಿದ್ದೀರಿ." ಆಮೇಲೆ ಸ್ವಲ್ಪ ಮೆತ್ತಗಾಗಿ ಪ್ರಕಾಶಕರು ಕರಾರು ಹೇಳಿದರು. ಒಂದೋ, ಅಂಥ ಧಾರಾವಾಹಿ ಬಂದೇ ಇಲ್ಲ ಅಂತ ಟಿವಿ ಕೇಂದ್ರದಿಂದ ಬರೆಸಿ ತರಬೇಕು. ಇಲ್ಲವೇ ಅದರ ಮೂಲ ಲೇಖಕರಿಂದ ಒಪ್ಪಿಗೆ ಪತ್ರ ತರಬೇಕು. ತಿಂಗಳ ಕೊನೆಯೊಳಗೆ ಎರಡರಲ್ಲಿ ಒಂದು ಬರದಿದ್ದರೆ ಹಸ್ತಪ್ರತಿ ವಾಪಸ್ಸು.

ಏಳು ವರ್ಷದ ಭಾನುವಾರಗಳೆಲ್ಲ ಆ ಹಸ್ತಪ್ರತಿಯಲ್ಲಿದ್ದವು. ಲೇಖಕರಿಗೆ ಅಳು ಬಂತು, ಮೇಜಿನ ಮೇಲೆ ಗಂಟೆ ಹೊಡೆದುಕೊಂಡದ್ದರಿಂದ ಅಳುವುದಕ್ಕಾಗಲಿಲ್ಲ.

ಮೊದಲು ಸಂಪಾದಕರ ಕಾಲು ಹಿಡಿಯೋಣವೆಂದು ಪತ್ರಿಕೆಯ ಕಚೇರಿಗೆ ಹೋದರು. "ಆ ಲೇಖನ ಸುಳ್ಳು. ತಪ್ಪೊಪ್ಪಿಗೆ ಅಂತ ಒಂದು ನಾಲ್ಕು ಸಾಲು ಹಾಕಿ," ಅಂದರು.

ಸಂಪಾದಕರು ಕಾಗದದ ಕಟ್ಟೊಂದನ್ನು ಮುಂದೆ ತಳ್ಳಿದರು. "ನೂರ ನಲವತ್ತು ಓದುಗರು ಬರೆದಿದ್ದಾರೆ. ಎಲ್ಲರೂ ನೋಡಿದ್ದಾರೆ. ಮೂರು ಜನ ಅದರಲ್ಲಿ ನಟನೆಯೂ ಮಾಡಿದ್ದಾರೆ. ಒಬ್ಬ ಲೇಖಕನ ಮಾತು ಕಟ್ಟಿಕೊಂಡು ನೂರ ನಲವತ್ತು ಚಂದಾದಾರರನ್ನ ಸುಳ್ಳರು ಅಂತ ಅಚ್ಚು ಹಾಕಲಾ?"

"ನನ್ನ ನಿಜವಾದ ಮೆಚ್ಚಿನ ಕಾರ್ಯಕ್ರಮಗಳನ್ನ ಬರಕೊಡ್ತೀನಿ, ಅದನ್ನಾದರೂ ಹಾಕಿ," ಅಂತ ಲೇಖಕರು ಬೀರು, ಪ್ರಜ್ಞೆ ತಪ್ಪಿದ ಯಜಮಾನಿ, ಹವಾಮಾನ ಎಲ್ಲವನ್ನೂ ಬಾಯಿಬಿಟ್ಟರು. ಜೀವಮಾನದಲ್ಲಿ ಅವರು ಮಾಡಿದ ಅತಿ ದೊಡ್ಡ ತ್ಯಾಗ ಅದು.

ಸಂಪಾದಕರು ಮುಗುಳ್ನಕ್ಕರು. "ನಂಬೋ ಹಾಗಿರೋದು ಏನಾದರೂ ಬರೀರಿ ಸಾರ್."

ಮರುದಿನ ರಜಾ ಹಾಕಿ ಟಿವಿ ಕೇಂದ್ರಕ್ಕೆ ಹೋದರು. ಕಿಟಕಿಯ ಹಿಂದಿದ್ದ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿ, "ಇಲ್ಲ ಅನ್ನೋದಕ್ಕೆ ಫಾರಂ ಇಲ್ಲ," ಅಂದ.

"ಅಂದ್ರೆ?"

"ಇದೆ ಅನ್ನೋದಕ್ಕೆ ಬಿಳೀ ಫಾರಂ. ಕಳೆದುಹೋಗಿದೆ ಅನ್ನೋದಕ್ಕೆ ಹಳದಿ. ಅಳಿಸಿದೆ ಅನ್ನೋದಕ್ಕೆ ಗುಲಾಬಿ. ಮೊದಲಿಂದಲೂ ಇರಲೇ ಇಲ್ಲ ಅಂತ ಯಾರೂ ಬಂದು ಕೇಳಿಲ್ಲ. ಕೆಳಗೆ ಟೇಪು ತಾತನ್ನ ನೋಡಿ."

ಟೇಪು ತಾತ ಎಂದರೆ ನೆಲಮಾಳಿಗೆಯ ದಾಸ್ತಾನು ಕೋಣೆಯ ಮೇಲ್ವಿಚಾರಕರು. ನಿವೃತ್ತಿಗೆ ಇನ್ನು ಹನ್ನೆರಡೇ ದಿನ ಇತ್ತು. ಸುತ್ತ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ಟೇಪಿನ ಡಬ್ಬಗಳು, ನಡುವೆ ಕೋಟಿನ ಕತ್ತಿನವರೆಗೂ ಗುಂಡಿ ಹಾಕಿಕೊಂಡು ತಾತ. ಧಾರಾವಾಹಿಯ ಹೆಸರು ಕೇಳಿದ್ದೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೊನೆಗೂ ಕೇಳಿಕೊಂಡು ಬಂದ್ರಾ," ಅಂದರು. "ನಾನೇ ಅಳಿಸಿದ್ದು."

ಲೇಖಕರು ಕುರ್ಚಿ ಎಳೆದುಕೊಂಡು ಕೂತರು. "ತಾತ, ಅದು ಇರಲೇ ಇಲ್ಲ. ಇಲ್ಲಿ ಅದರ ಟೇಪು ಇದೆಯಾ ಹೇಳಿ."

"ಇಲ್ಲ."

"ನೋಡಿ ಮತ್ತೆ."

"ಅದಕ್ಕೇ ಹೇಳಿದ್ದು. ಇಲ್ಲಿ ಉಳಕೊಂಡಿರೋದೆಲ್ಲ ಯಾರಿಗೂ ಬೇಡದ್ದು." ತಾತ ಕಪಾಟಿನ ಕಡೆ ಕೈ ಬೀಸಿದರು. "ಆಗ ಟೇಪಿಗೆ ಬರಗಾಲ. ಒಂದು ಮುಗಿದ ಮೇಲೆ ಅದನ್ನೇ ಅಳಿಸಿ ಅದರ ಮೇಲೇ ಇನ್ನೊಂದು. ಕಪಾಟಿನ ಒಳಗಡೆ ಇರೋದು ತೆಗೆಯೋಕೆ ಕಷ್ಟ, ಜನ ಕೇಳಿ ಕೇಳಿ ಹೊರಗೆ ತೆಗೆದಿರ್ತಿದ್ವಲ್ಲ, ಅದು ಕೈಗೆ ಸಿಗ್ತಿತ್ತು. ಅದನ್ನೇ ಅಳಿಸ್ತಿದ್ವಿ. ಹೂಕುಂಡ ಸ್ಪರ್ಧೆ ಇದೆ, ಮುನ್ನೂರು ಗಂಟೆ. ಚರಂಡಿ ಉದ್ಘಾಟನೆ ಇದೆ. ನಿಮ್ಮ ಅಂಚೆಯವ ಇಲ್ಲ ಅಂದ್ರೆ ಅವನು ಒಳ್ಳೆಯವನೇ ಇರಬೇಕು. ಮೂರನೇ ಡಬ್ಬದ ಟೇಪಲ್ಲಿ, ಹೂಕುಂಡದ ಅಡಿಗೆ ಅವನೇ ಇದ್ದಾನೆ ಅಂತ ನನ್ನ ಮನಸ್ಸು ಹೇಳ್ತದೆ."

ಹೇಳುತ್ತ ಹೇಳುತ್ತ ತಾತ ಕಣ್ಣೊರೆಸಿಕೊಳ್ಳುತ್ತಿದ್ದರು. ನೂರಾರು ಕಾರ್ಯಕ್ರಮ ಅಳಿಸಿದ ಕೈ ಇದು, ಒಂದನ್ನೂ ಯಾರೂ ಬಂದು ಕೇಳಲಿಲ್ಲ, ನೀವೊಬ್ಬರು ಬಂದಿರಿ ಅಂದರು. ಅಷ್ಟು ಹೇಳಿ ಗುಲಾಬಿ ಫಾರಂ ತೆಗೆದು, ಮುದ್ದಾದ ಅಕ್ಷರದಲ್ಲಿ ಬರೆದು, ಮೊಹರು ಒತ್ತಿ ಕೊಟ್ಟರು.

ಮನೆಯಲ್ಲಿ ಹೆಂಡತಿ ಅದನ್ನು ದೀಪದ ಕೆಳಗೆ ಹಿಡಿದು ಓದಿದಳು. "'ತಡವಾದ ಅಂಚೆ ಎಂಬ ಧಾರಾವಾಹಿಯನ್ನು ನಿಯಮಾನುಸಾರ ಅಳಿಸಲಾಗಿದೆ.' ಏನ್ರೀ ಇದು? ಇರಲಿಲ್ಲ ಅಂತ ಬರೆಸ್ಕೊಂಡು ಬರ್ತೀನಿ ಅಂತ ಹೋದ್ರಿ. ಇತ್ತು ಅಂತ ಮೊಹರು ಹಾಕಿಸ್ಕೊಂಡು ಬಂದಿದ್ದೀರಿ."

"ತಾತ ಅಳ್ತಾ ಇದ್ರು ಕಣೇ. ಬೇಡ ಅನ್ನೋಕಾಗಲಿಲ್ಲ."

"ಬೀರು ಒಪ್ಪ ಮಾಡೋದನ್ನ ನೋಡ್ತೀನಿ ಅಂತ ಬರೆದಿದ್ರೆ ಏನು ಗಂಟು ಹೋಗ್ತಿತ್ತು? ಅದರ ಬದಲು ನಮ್ಮನೇ ಬೀರು ಒಂದು ಸಲ ಒಪ್ಪ ಮಾಡಿದ್ರೂ ಆಗ್ತಿತ್ತು."

ಲೇಖಕರು ಹೋಗಿ ಟಿವಿಯ ಮುಂದೆ ಕೂತರು. ಪ್ರಜ್ಞೆ ತಪ್ಪಿದ ಯಜಮಾನಿಯ ಪಕ್ಕದಲ್ಲಿ ಅವಳ ಮೈದುನ ಗುಟ್ಟು ಹೇಳುತ್ತಿದ್ದ. ಆ ಹಾಸಿಗೆಯ ಪಕ್ಕ ತಮಗೂ ಒಂದು ಕುರ್ಚಿ ಸಿಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು ಅವರಿಗೆ.

ಹೀಗೆ ಮೂರು ವಾರ ಕಳೆಯಿತು. ತಿಂಗಳು ಮುಗಿಯಲು ಎರಡು ದಿನ ಇದ್ದಾಗ, ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕರೆಗಂಟೆ ಇದ್ದೂ ಬಾಗಿಲು ಬಡಿಯುವವರು ಅವರ ಪರಿಚಯದಲ್ಲಿ ಒಬ್ಬರೇ. ಊರಿನ ಇನ್ನೊಂದು ತುದಿಯಲ್ಲಿದ್ದ ಲೇಖಕರ ಅಕ್ಕ.

ಅಕ್ಕನ ಒಂದು ಕೆನ್ನೆ ಊದಿತ್ತು. ಕೈಯಲ್ಲಿ ವಾರಪತ್ರಿಕೆಯ ಆ ಸಂಚಿಕೆ ಇತ್ತು.

"ಹಲ್ಲಿನ ಡಾಕ್ಟರ ಹತ್ರ ಕಾಯ್ತಾ ಕೂತಿದ್ದೆ, ಅಲ್ಲಿ ಸಿಕ್ತು," ಅಂದಳು ಒಳಗೆ ಬರುತ್ತಲೇ. "ಹಲ್ಲು ಕೀಳಿಸ್ಕೊಂಡು ನೇರ ಬಂದಿದ್ದೀನಿ. ಲೋ, ನಾಚಿಕೆ ಆಗಲ್ವಾ ನಿನಗೆ?"

"ಆಗ್ತಿದೆ ಅಕ್ಕ. ಸುಳ್ಳು ಬರೀಬಾರದಿತ್ತು."

"ಸುಳ್ಳು ಯಾವುದೋ? ಎಲ್ಲ ನಿಜಾನೇ ಬರೆದಿದ್ದೀಯ, ನನ್ನ ಸುದ್ದೀನೇ ಬಿಟ್ಟಿದ್ದೀಯ. ಅಂಚೆಯವ, ಐವತ್ತು ವರ್ಷ ತಡ, ಭಾನುವಾರ ನಾಲ್ಕು ಗಂಟೆ, ಎಲ್ಲ ಇದೆ. ಟಿಕೆಟ್ ಹರಿದೋಳು ನಾನು, ಪರದೆ ಹಿಡಿದೋಳು ನಾನು, ಅಮ್ಮನ ಕೈಲಿ ಏಟು ತಿಂದೋಳು ನಾನು. ನನ್ನ ಬಗ್ಗೆ ಒಂದು ಸಾಲಿಲ್ಲ."

"ಯಾವ ಟಿಕೆಟ್, ಯಾವ ಪರದೆ?" ಅಂದರು ಲೇಖಕರು.

"ಅತ್ತಿಗೆ, ಕೂತ್ಕೊಂಡು ಹೇಳಿ," ಅಂದಳು ಹೆಂಡತಿ, ತಾನೂ ಒಂದು ಕುರ್ಚಿ ಎಳೆದುಕೊಂಡು.

"ಮರೆತೇಬಿಟ್ಟಿದ್ದಾನೆ ನೋಡು ಇವನು. ನಮ್ಮನೇ ಮುಂದಿನ ಕೋಣೇಲಿ ಅಪ್ಪನ ರಿಪೇರಿ ಅಂಗಡಿ, ಅಲ್ಲಿ ಒಂದು ದೊಡ್ಡ ಟಿವಿ ಇತ್ತಲ್ಲ, ಒಳಗಿನ ಸಾಮಾನೆಲ್ಲ ತೆಗೆದುಬಿಟ್ಟಿದ್ದು, ಬರೀ ಮರದ ಡಬ್ಬ. ಬೀದೀಲಿ ಯಾರ ಮನೇಲೂ ಟಿವಿ ಇರಲಿಲ್ಲ. ಭಾನುವಾರ ಅಂಗಡಿಗೆ ರಜ. ಇವನು ಹಿಂದಿನಿಂದ ಆ ಡಬ್ಬದೊಳಗೆ ತೂರ್ಕೊಂಡು ಕೂತು ಕಥೆ ಹೇಳೋನು. ಬೀದಿ ಮಕ್ಕಳೆಲ್ಲ ನೆಲದ ಮೇಲೆ ಕೂತು ನೋಡೋವು. ಡಬ್ಬದ ತುಂಬ ಧೂಳು, ಮಾತಿಗೊಂದು ಸೀನು ಇವನದು. ಅಂಚೆಯವನಿಗೆ ಬಾಹ್ಯಾಕಾಶದಲ್ಲಿ ನೆಗಡಿ ಅಂತ ನಾನು ಹೊರಗಿನಿಂದ ಹೇಳೋಳು."

ಸೀನು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನಲವತ್ತು ವರ್ಷದ ಹಿಂದಿನ ಧೂಳು ಲೇಖಕರ ಮೂಗಿನೊಳಗೆ ಕಚಗುಳಿ ಇಟ್ಟಿತು. ಮರದ ವಾಸನೆ ಬಂತು. ಮೊಣಕಾಲು ಗದ್ದಕ್ಕೆ ಒತ್ತುತ್ತಿದ್ದದ್ದು, ಎದುರಿನ ಚೌಕಟ್ಟಿನಲ್ಲಿ ಸಾಲಾಗಿ ಕೂತ ಮುಖಗಳು, ಎಲ್ಲ ಬಂತು. ಅವರು ನಿಜವಾಗಿಯೂ ಸೀನಿದರು.

"ಅಕ್ಕ," ಅಂದರು ಮೂಗೊರೆಸಿಕೊಂಡು, "ಕೊನೇ ಕಂತಲ್ಲಿ ಏನಾಯ್ತು?"

"ಏನಾಗತ್ತೆ? ಅಂಚೆಯವ ಒಬ್ಬನೇ ಕತ್ತಲೆಗೆ ಹೋದ ಅಂತ ಹೇಳಿದೆ ನೀನು. ಮಕ್ಕಳೆಲ್ಲ ಗೊಳೋ ಅಂತ ಅತ್ತು ಟಿಕೆಟ್ಟಿಗೆ ಕೊಟ್ಟಿದ್ದನ್ನ ವಾಪಸ್ ಕೊಡಿ ಅಂದ್ವು. ನಾನು ಮೇಲಿಂದ ಕೈ ಹಾಕಿ, ನಿನ್ನ ಕಿವಿ ಹಿಡಿದು ಎಳೆದು, 'ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ಹೊತ್ತು, ಊಟ ಆರಿಹೋಯ್ತು, ಕೈಕಾಲು ತೊಳ್ಕೊಂಡು ಬಾ' ಅಂದೆ. ಎಲ್ಲರೂ ನಕ್ಕು ಮನೆಗೆ ಹೋದ್ರು."

ಪ್ರಕಾಶಕರ ಹೆಂಡತಿ! ಸೀನು, ಕೈ, ಬೇರೆಯವರ ಮನೆಯ ನೆಲ. ಆಕೆ ಸುಳ್ಳು ಹೇಳಿರಲಿಲ್ಲ. ನರ್ಸಮ್ಮನ ನೀಲಿ ಕೋಟು ಸುಳ್ಳು, ಕ್ಷೌರಿಕನ ರಾಗ ಸುಳ್ಳು, ನೂರ ನಲವತ್ತು ಚಂದಾದಾರರೂ ಸುಳ್ಳು. ಇಡೀ ಊರಿನಲ್ಲಿ ನಿಜವಾಗಿ ನೋಡಿದ್ದವರು ಆಕೆಯೊಬ್ಬರೇ, ಅವರನ್ನೇ ಇವರು ನಂಬಿರಲಿಲ್ಲ.

"ಅಕ್ಕ, ಟಿಕೆಟ್‌ಗೆ ಏನು ತಗೋತಿದ್ದೆ?"

"ಅಂಗಿ ಗುಂಡಿ. ತಲೆಗೊಂದು. ಬೀದೀಲಿ ಯಾರ ಅಂಗಿಗೂ ನೆಟ್ಟಗೆ ಗುಂಡಿ ಇರಲಿಲ್ಲ ಆ ವರ್ಷ. ಡಬ್ಬಿ ಇನ್ನೂ ನನ್ನ ಹೊಲಿಗೆ ಮೆಷಿನ್ ಕೆಳಗಿದೆ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಲೇಖಕರು, ಅಕ್ಕ, ಗುಂಡಿ ಡಬ್ಬಿ ಮೂವರೂ ಪ್ರಕಾಶಕರ ಕಚೇರಿಯಲ್ಲಿದ್ದರು. ಕಾಗದದ ರೀಮುಗಳ ನಡುವೆ ಒಂದು ಓಣಿ, ಓಣಿಯ ಕೊನೆಗೆ ಪ್ರಕಾಶಕರ ಮೇಜು, ಪಕ್ಕದ ಮೇಜಿನಲ್ಲಿ ಅವರ ಹೆಂಡತಿ ಕರಡು ತಿದ್ದುತ್ತ ಕೂತಿದ್ದರು.

"ಏನು ತಂದ್ರಿ? ಟಿವಿ ಕೇಂದ್ರದ ಪತ್ರವಾ, ಒಪ್ಪಿಗೇನಾ?" ಅಂದರು ಪ್ರಕಾಶಕರು.

ಲೇಖಕರು ಬಾಯಿ ತೆರೆಯುವುದರೊಳಗೆ ಅಕ್ಕ ಡಬ್ಬಿಯನ್ನು ನೇರವಾಗಿ ಪಕ್ಕದ ಮೇಜಿನ ಕರಡಿನ ಮೇಲೆ ಮಗುಚಿದಳು. ಗುಂಡಿಗಳು ಚೆಲ್ಲಿದವು. ಕಪ್ಪು, ಬಿಳಿ, ಮುತ್ತಿನದು, ಮರದ್ದು.

ಪ್ರಕಾಶಕರ ಹೆಂಡತಿ ಕೆಂಪು ಪೆನ್ನು ಕೆಳಗಿಟ್ಟರು. ಎರಡು ಬೆರಳಿನಲ್ಲಿ ರಾಶಿಯನ್ನು ಸರಿಸಿದರು. ಒಂದು ಹಿತ್ತಾಳೆ ಗುಂಡಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಹಡಗಿನ ಲಂಗರಿನ ಚಿತ್ರವಿತ್ತು.

"ಇದು ನಮ್ಮಪ್ಪನ ಕೋಟಿನದು," ಅಂದರು ಮೆಲ್ಲಗೆ. "ಇದಕ್ಕೋಸ್ಕರ ನನಗೆ ಬೆತ್ತದ ಏಟು ಬಿದ್ದಿತ್ತು."

ಅಕ್ಕ ಬಗ್ಗಿ ಅವರ ಮುಖವನ್ನೇ ನೋಡಿದಳು. "ಎರಡು ಜಡೆಯವಳಲ್ವಾ ನೀನು? ಮುಂದಿನ ಸಾಲಲ್ಲಿ ಕೂತು, ಇವನು ಸೀನಿದಾಗೆಲ್ಲ ಕಿಸಕ್ ಅಂತಿದ್ದೆ."

"ಕಿವಿ ಹಿಡಿದು ಎಳೆದ ಕೈ ನಿಮ್ಮದಾ ಅಕ್ಕ?"

"ಇದೇ ಕೈ," ಅಂದಳು ಅಕ್ಕ, ತೋರಿಸಿ.

ಇಬ್ಬರೂ ಪ್ರಕಾಶಕರ ಅಸ್ತಿತ್ವವನ್ನೇ ಮರೆತು ಹಳೇ ಬೀದಿಯ ಒಂದೊಂದು ಮನೆಯ ಸುದ್ದಿ ತೆಗೆದರು. ಪ್ರಕಾಶಕರು ಎರಡು ಸಲ ಕೆಮ್ಮಿದರು. ಕೊನೆಗೆ ಲೇಖಕರ ಕಡೆ ತಿರುಗಿ, "ಅಂದ್ರೆ ಮೂಲ ಲೇಖಕರು..." ಅಂತ ತಡವರಿಸಿದರು.

"ನಾನೇ ಸಾರ್. ಆಗ ಒಂಬತ್ತು ವರ್ಷ."

ಆ ಮಾತು ಹೇಳುವಾಗ ಲೇಖಕರಿಗಾದ ಸಂತೋಷ ಅಷ್ಟಿಷ್ಟಲ್ಲ. ಹದಿನಾಲ್ಕು ಕಥೆ ಅಚ್ಚಾದಾಗಲೂ ಅಷ್ಟಾಗಿರಲಿಲ್ಲ.

"ಆದರೂ ಒಪ್ಪಿಗೆ ಪತ್ರ ಬೇಕು," ಅಂದರು ಪ್ರಕಾಶಕರು. ಸೋತ ಮೇಲೂ ನಿಯಮ ಬಿಡದ ಮನುಷ್ಯ.

"ನಾನು ಬರಕೊಡ್ತೀನಿ," ಅಂದಳು ಅಕ್ಕ. "ಆ ಟಿವಿ ಕೇಂದ್ರ ನಡೆಸಿದೋಳು ನಾನು. ಒಂದು ಷರತ್ತು. ಕೊನೆ ನನ್ನದು ಹಾಕಬೇಕು."

"ಅಕ್ಕ, ಆ ಕೊನೆಗೆ ಏಳು ವರ್ಷ ಬರೆದಿದ್ದೀನಿ," ಅಂದರು ಲೇಖಕರು. "ಕತ್ತಲು, ಮೌನ, ಅನಂತ ಆಕಾಶ. ಮೂವತ್ತು ಪುಟ ಇದೆ."

"ಅವತ್ತೂ ಕತ್ತಲೆಗೆ ಕಳಿಸಿದ್ದಕ್ಕೇ ಗುಂಡಿ ವಾಪಸ್ ಕೇಳಿದ್ದು. ನೂರು ವರ್ಷ ಕಾಗದ ಹಂಚಿದವನಿಗೆ ಒಂದು ಮನೆ ಬೇಡವೇನೋ? ಬಾಗಿಲು ತೆಗೆಯೋಕೆ ಒಬ್ಬರು ಬೇಡವಾ?"

ಲೇಖಕರು ಪ್ರಕಾಶಕರನ್ನು ನೋಡಿದರು. ಪ್ರಕಾಶಕರು ಹೆಂಡತಿಯನ್ನು ನೋಡಿದರು. ಹೆಂಡತಿ ಲಂಗರಿನ ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು ಎತ್ತಿಕೊಂಡು, ಗಂಡನ ಮೇಜಿನ ಮೇಲಿದ್ದ ಹಸ್ತಪ್ರತಿಯ ಆ ಮೂವತ್ತು ಪುಟಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆಯತೊಡಗಿದರು.

ಪುಸ್ತಕ ಬಿಡುಗಡೆ ಲಿಫ್ಟ್ ಕಂಪನಿಯ ನೆಲ ಅಂತಸ್ತಿನಲ್ಲಿ ನಡೆಯಿತು. ಮೇಲಿನ ಅಂತಸ್ತಿನ ಸಭಾಂಗಣ ಇನ್ನೂ ದೊಡ್ಡದಿತ್ತು, ಆದರೆ ಕಂಪನಿಯವರಿಗೇ ತಮ್ಮ ಲಿಫ್ಟಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಬಾಗಿಲಲ್ಲಿ ಅಕ್ಕ ಡಬ್ಬಿ ಹಿಡಿದು ನಿಂತಿದ್ದಳು. ತಲೆಗೊಂದು ಗುಂಡಿ ಕೊಟ್ಟವರಿಗಷ್ಟೇ ಪ್ರವೇಶ. ನರ್ಸಮ್ಮ ನೀಲಿ ಗುಂಡಿಯನ್ನೇ ಹುಡುಕಿ ತಂದಿದ್ದರು. ಕ್ಷೌರಿಕ, ಮ್ಯಾನೇಜರು, ಸಂಪಾದಕರು ಎಲ್ಲ ಬಂದರು. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ದರ್ಜಿ ಒಂದು ಹಿಡಿ ಗುಂಡಿ ಹಾಕಿ, "ಹಿಂದಿನ ಬಾಕಿಯೂ ಸೇರಿ," ಅಂದ. ಟಿವಿಯಲ್ಲಿ ಬೀರು ಒಪ್ಪ ಮಾಡುವವಳ ಹಾಗೆ ಹೆಂಡತಿ ಪುಸ್ತಕಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿದ್ದಳು. ಲೇಖಕರು ಆಗಾಗ ಹೋಗಿ ಅದನ್ನೇ ನೋಡಿ ಬರುತ್ತಿದ್ದರು.

ಎಲ್ಲ ಮುಗಿದ ಮೇಲೆ ಟೇಪು ತಾತ ಹತ್ತಿರ ಬಂದರು. ನಿವೃತ್ತರಾಗಿ ತಿಂಗಳುಗಳಾಗಿದ್ದವು. ಮೂಲೆಯಲ್ಲಿ ಕೂತು ಅಲ್ಲೇ ಕೊನೆಯ ಅಧ್ಯಾಯ ಓದಿ ಮುಗಿಸಿದ್ದರು.

"ಚೆನ್ನಾಗಿದೆ," ಅಂದರು. "ಆದರೆ ನಾನು ಅಳಿಸಿದ್ದರಲ್ಲಿ ಕೊನೆ ಹೀಗಿರಲಿಲ್ಲ."

ಲೇಖಕರು ಅವರ ಕೈ ಹಿಡಿದುಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದರು. ಮರದ ಡಬ್ಬ, ಧೂಳು, ಗುಂಡಿ, ಅಕ್ಕನ ಕೈ, ಯಾವುದನ್ನೂ ಬಿಡಲಿಲ್ಲ. ತಾತ ಬಾಗಿಲಲ್ಲಿ ನಿಂತ ಅಕ್ಕನ ಕಡೆ ನೋಡಿದರು. ಅಕ್ಕ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ನಿಮ್ಮ ಅಂಚೆಯವನನ್ನ ನಾನು ಅಳಿಸಿಲ್ಲ," ಅಂದರು ತಾತ.

"ಇಲ್ಲ ತಾತ. ಅವನು ನಿಮ್ಮ ಕೈಗೆ ಸಿಗಲೇ ಇಲ್ಲ."

ತಾತ ಪುಸ್ತಕವನ್ನು ಕೋಟಿನ ಒಳಜೇಬಿಗೆ ಸೇರಿಸಿದರು. ಮೇಲಿನ ಗುಂಡಿಯನ್ನು ಬಾಗಿಲಲ್ಲಿ ಕೊಟ್ಟುಬಂದಿದ್ದರಿಂದ ಕೋಟು ಕತ್ತಿನ ಹತ್ತಿರ ತೆರೆದೇ ಇತ್ತು. ಅದನ್ನು ಮುಚ್ಚಿಕೊಳ್ಳುವ ಗೋಜಿಗೆ ಹೋಗದೆ, ಎಷ್ಟೋ ವರ್ಷದ ಮೇಲೆ ಹಾಯಾಗಿ ಉಸಿರಾಡುತ್ತ ಮನೆಗೆ ಹೋದರು.